ಜನ ಬಿಟ್ಟು ಹೋಗುವ ಜಾಗ

ಅಮೂಲ್ಯಳಿಗೆ ಕೂತಲ್ಲಿ ಕೂರಲಾಗದ ಕಾಯಿಲೆ ಹತ್ತಿ ತಿಂಗಳುಗಳೇ ಆಗಿದ್ದವು. ರಾಮನಗರದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಮೇಜಿನ ಕೆಳಗೆ ಕಾಲು ತಂತಾನೇ ಕುಣಿಯುತ್ತಿತ್ತು. ಮನೆಯಲ್ಲಿ ಬಲಗೈ ಮುದ್ದೆ ಮುರಿಯುತ್ತಿದ್ದರೆ ಎಡಗೈ ಫೋನಿನ ಮೇಲೆ ಓಡಾಡುತ್ತಿತ್ತು. ಹೊಸ ವಿಡಿಯೊ ಹಾಕಿದ ದಿನವಂತೂ ಕೇಳಲೇಬೇಡಿ. ಎಷ್ಟು ಜನ ನೋಡಿದರು, ಎಷ್ಟು ಹೊತ್ತು ನೋಡಿದರು, ಯಾವ ಗಳಿಗೆಗೆ ಬೇಜಾರಾಗಿ ಎದ್ದು ಹೋದರು ಅನ್ನುವುದನ್ನು ಕಾಯುವುದೇ ಅವಳ ಕೆಲಸ. ಸಂಜೆ ಆಫೀಸಿಗೆ ಬೀಗ ಬಿದ್ದ ಮೇಲೂ ಆ ಕೆಲಸ ಅವಳ ಜೊತೆಗೇ ಬಸ್ಸು ಹತ್ತಿ ಊರಿಗೆ ಬರುತ್ತಿತ್ತು.

ಚಾನೆಲ್ಲಿನ ಹೆಸರು ‘ಹೊನ್ನೆಳೆ’. ರೇಷ್ಮೆ ಹುಳ ಸಾಕುವವರಿಗೆ ಬುದ್ಧಿ ಹೇಳುವ ಚಾನೆಲ್ಲು. ನಡೆಸುವವರು ಜಯಕುಮಾರ್. ಮಾತಿನಲ್ಲಿ ಮನೆ ಕಟ್ಟುವ ಮನುಷ್ಯ, ಆದರೆ ಕೆಟ್ಟವರಲ್ಲ. ಚನ್ನಪಟ್ಟಣ, ಮಾಗಡಿ, ಕನಕಪುರದ ಕಡೆಯ ಹಳ್ಳಿಗಳಿಗೆ ಪುನೀತ್ ಎಂಬ ಹುಡುಗ ಕ್ಯಾಮೆರಾ ಹಿಡಿದು ಹೋಗುತ್ತಾನೆ. ಹುಳ ಸಾಕಿ ಪಳಗಿದವರನ್ನು ಮಾತಾಡಿಸಿಕೊಂಡು ಬರುತ್ತಾನೆ. ಹುಳದ ತಟ್ಟೆ, ಬಲೆ, ಹುಳ ಗೂಡು ಕಟ್ಟುವ ಚಂದ್ರಿಕೆ ಮಾರುವ ಕಂಪನಿಯೊಂದು ಇದಕ್ಕೆಲ್ಲ ಬೆನ್ನಿಗೆ ನಿಂತಿದೆ. ಆ ಕಂಪನಿಯ ಪರವಾಗಿ ಬೆಂಗಳೂರಿನಲ್ಲಿ ಕೂತು ಎಲ್ಲವನ್ನೂ ಕೇಳುವವರು ಪದ್ಮಶ್ರೀ ಮೇಡಂ.

ಮೊದಮೊದಲು ಅಮೂಲ್ಯ ತಿಂಗಳಿಗೊಂದು ಫೈಲು ಮಾಡಿ ಮೇಡಂಗೆ ಕಳಿಸುತ್ತಿದ್ದಳು. ಅವರಿಗೆ ಅದು ಸರಿಬರಲಿಲ್ಲ. “ನೋಡಿ, ನನಗೆ ಒಂದು ಲಿಂಕ್ ಕೊಟ್ಟುಬಿಡಿ. ನಾನು ಯಾವಾಗ ತೆಗೆದ್ರೂ ಅವತ್ತಿನ ಲೆಕ್ಕ ಕಾಣ್ಬೇಕು. ನಾನು ಯಾರಿಗೆ ಕಳಿಸಿದ್ರೂ ಅವರಿಗೂ ತೆರೀಬೇಕು. ಪರ್ಮಿಷನ್ ಕೇಳೋ ತಾಪತ್ರಯ ಬೇಡ,” ಅಂದಿದ್ದರು. ಅಮೂಲ್ಯ ಹಟ ಹಿಡಿದು ಅಂಥದ್ದೊಂದನ್ನು ಕಟ್ಟಿದಳು. ಒಂದೊಂದು ವಿಡಿಯೊಗೆ ಒಂದೊಂದು ಸಾಲು. ಪಕ್ಕದಲ್ಲಿ ನೋಡುವವರು ಎಲ್ಲಿ ಉಳಿದರು, ಎಲ್ಲಿ ಬಿಟ್ಟರು ಎಂದು ತೋರಿಸುವ ಗೆರೆ. ಕೊನೆಯಲ್ಲಿ ಷರಾ ಬರೆಯುವ ಜಾಗ. ಲಿಂಕ್ ಇದ್ದವರು ಯಾರು ಬೇಕಾದರೂ ತೆರೆಯಬಹುದು. ಇವಳು ಅಲ್ಲಿ ಒಂದು ಅಕ್ಷರ ತಿದ್ದಿದರೂ ಅದೇ ಕ್ಷಣ ಅವರ ಕಣ್ಣೆದುರೂ ತಿದ್ದಿಕೊಳ್ಳುತ್ತದೆ. ಅದನ್ನು ನೋಡಿ ಜಯಕುಮಾರ್, “ನಿನ್ ಕೈಲಿ ಇಷ್ಟೆಲ್ಲ ಆಯ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಮ್ಮ,” ಅಂದಿದ್ದರು. ಅದು ಹೊಗಳಿಕೆಯೇ ಇರಬೇಕೆಂದು ಅವಳು ಅಂದುಕೊಂಡಳು.

ಆ ಪಟ್ಟಿಯಲ್ಲಿ ಬೋರಮ್ಮ ಅನ್ನುವವರ ವಿಡಿಯೊಗಳೂ ಇದ್ದವು. ವಿರೂಪಾಕ್ಷಿಪುರದ ಪಕ್ಕದ ಹಳ್ಳಿಯವರು. ಹುಳದ ವಿಷಯದಲ್ಲಿ ಸುತ್ತಮುತ್ತಲಿನವರೆಲ್ಲ ಅವರ ಮಾತು ಕೇಳುತ್ತಾರೆ. ಇನ್ನೊಂದು ಸಂಗತಿ ಏನೆಂದರೆ ಅವರು ಅಮೂಲ್ಯಳ ಸ್ವಂತ ಅತ್ತೆ, ಗಂಡ ಮನುವಿನ ತಾಯಿ. ಚಾನೆಲ್ಲಿಗೆ ಹೆಂಗಸರೊಬ್ಬರು ಬೇಕು ಅಂದಾಗ ಹೆಸರು ಕೊಟ್ಟವಳೂ ಇವಳೇ. “ಅಯ್ಯೋ, ನನ್ ಮಖ ಯಾರ್ ನೋಡ್ತಾರೆ, ಸುಮ್ಕಿರವ್ವ,” ಎಂದು ಮೊದಲು ಗದರಿದ ಬೋರಮ್ಮ ಎರಡನೇ ವಿಡಿಯೊ ಹೊತ್ತಿಗೆ ಮದುವೆ ಮನೆಗೆ ಉಡುವ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಿದ್ದರು. ಈಗಂತೂ ಪುನೀತ್ ಬರುವ ದಿನ ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ತಯಾರಾಗಿರುತ್ತಾರೆ.

ಅವರ ವಿಡಿಯೊದ ಗೆರೆ ಮಾತ್ರ ನೋಡುವ ಹಾಗಿರಲಿಲ್ಲ. ಶುರುವಿನಲ್ಲಿ ಚೆನ್ನಾಗಿಯೇ ಇರುತ್ತಿತ್ತು. ಒಂದೆರಡು ನಿಮಿಷ ಆಗುತ್ತಲೂ ದಬಕ್ಕನೆ ಬೀಳುತ್ತಿತ್ತು. ಪ್ರತಿ ಸಲವೂ ಇದೇ ಹಾಡು. ಅಮೂಲ್ಯ ಬಹಳ ದಿನ ನೋಡಿದಳು, ಆಮೇಲೆ ಗಟ್ಟಿ ಮನಸ್ಸು ಮಾಡಿದಳು. ಮನೆ ಬೇರೆ, ಆಫೀಸು ಬೇರೆ. ಷರಾದಲ್ಲಿ ಹೀಗೆ ಬರೆದಳು: ‘ಬೋರಮ್ಮನವರು ಮಾತಾಡಲು ತೊಡಗಿದ ಸ್ವಲ್ಪ ಹೊತ್ತಿಗೇ ಮುಕ್ಕಾಲು ಪಾಲು ಜನ ಬಿಟ್ಟು ಹೋಗುತ್ತಿದ್ದಾರೆ. ವಯಸ್ಸಾದವರ ಬದಲು ಹೊಸ ಮುಖ ಹಾಕುವುದು ಒಳ್ಳೆಯದು.’ ಎದ್ದು ಕಾಣಲಿ ಎಂದು ಆ ಚೌಕಕ್ಕೆ ಕೆಂಪು ಬಣ್ಣ ತುಂಬಿದಳು. ಸ್ವಂತದವರು ಅಂತ ಮುಲಾಜು ನೋಡಲಿಲ್ಲವೆಂದು ತನಗೆ ತಾನೇ ಶಹಬ್ಬಾಸ್ ಕೊಟ್ಟುಕೊಂಡಳು.

ಆ ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಫೋನು ಗುಂಯ್ ಅಂದಿತು. ಜಯಕುಮಾರ್ ಆ ಲಿಂಕನ್ನು ‘ಹೊನ್ನೆಳೆ ಕುಟುಂಬ’ ಅನ್ನುವ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಗುಂಪಿನಲ್ಲಿ ಚಾನೆಲ್ಲಿಗೆ ಮಾತಾಡಿದ ರೈತರೆಲ್ಲ ಇದ್ದರು, ಅವರ ಅಣ್ಣತಮ್ಮಂದಿರಿದ್ದರು, ಬೋರಮ್ಮನವರೂ ಇದ್ದರು. ಲಿಂಕಿನ ಮೇಲೆ ಒಂದು ಸಾಲು, ‘ನಮ್ಮ ಚಾನೆಲ್ ಸಾಧನೆ. ಎಲ್ಲರೂ ನೋಡಿ ಹೆಮ್ಮೆಪಡಿ.’ ಅದರ ಮುಂದೆ ನಾಲ್ಕು ಗುಲಾಬಿ, ಎರಡು ಜೋಡಿ ಕೈ. ಅಮೂಲ್ಯ ಡಬ್ಬಿ ಅಲ್ಲೇ ಬಿಟ್ಟು ಜಯಕುಮಾರರ ಕೋಣೆಗೆ ಓಡಿದಳು.

“ಸರ್, ಅದನ್ನ ಓದಿ ಹಾಕಿದ್ರಾ?”

“ಓದೋದೇನು ಬಂತಮ್ಮ, ಬಣ್ಣ ಬಣ್ಣವಾಗಿ ಎಷ್ಟ್ ಚೆನ್ನಾಗೈತೆ! ಬಂದಿದ್ದನ್ನ ನಾಕ್ ಜನಕ್ಕೆ ಕಳಿಸ್ಬೇಕಪ್ಪ. ಅದ್ಕೇ ಅಲ್ವಾ ನೀನು ಕಳ್ಸೋ ಹಂಗೆ ಮಾಡಿರೋದು?”

ಅವಳು ಕೆಂಪು ಚೌಕ ತೋರಿಸಿದಳು. ಜಯಕುಮಾರ್ ಕನ್ನಡಕ ಏರಿಸಿಕೊಂಡು ಓದಿದರು. ಮುಖ ಇಳಿಯಿತು. “ಅಯ್ಯಯ್ಯೋ, ಯಾರ್ ಬರೆದ್ರು ಇದ್ನ?” ಅಂದು ಅವಳ ಮುಖ ನೋಡಿ ಅರ್ಥ ಮಾಡಿಕೊಂಡರು. ಅಳಿಸಿಬಿಡುತ್ತೇನೆ ಎಂದು ಫೋನು ಒತ್ತಿದರು. ಒತ್ತಿದ್ದು ತಮ್ಮ ಫೋನಿನಿಂದ ಮಾತ್ರ ಅಳಿಸುವ ಗುಂಡಿ. ಮಿಕ್ಕವರ ಫೋನುಗಳಲ್ಲಿ ಗುಲಾಬಿ, ಜೋಡಿ ಕೈ, ಲಿಂಕು ಎಲ್ಲ ಹಾಗೇ ಕೂತಿದ್ದವು, ಇನ್ನು ತೆಗೆಯಲು ಇವರಿಗೆ ದಾರಿಯಿರಲಿಲ್ಲ.

“ಲಿಂಕಿಗೆ ಬೀಗ ಹಾಕ್ಬಿಡ್ಲಾ ಸರ್?”

“ಬ್ಯಾಡ ಬ್ಯಾಡ! ಪದ್ಮಶ್ರೀ ಮೇಡಂ ಈಗ ಅವ್ರ ದೊಡ್ಡೋರಿಗೆ ಇದನ್ನೇ ತೋರಿಸ್ತಾವ್ರೆ. ಮಧ್ಯದಲ್ಲಿ ಮುಚ್ಚೋದ್ರೆ ನನ್ ಮಾನ ಹೋಯ್ತದೆ. ನೀನು ಊರಿಗೆ ಹೊಂಟೋಗು. ಅತ್ತೆಗೆ ಬಾಯ್ಮಾತಲ್ಲಿ ಹೇಳು, ಕಂಪ್ಯೂಟರ್ರೇ ಬರ್ಕೊಂಡದೆ ಅಂತ.”

ಹಾಗೆ ಹೇಳಬಹುದೇ ಎಂದು ಅವಳು ಯೋಚಿಸಿದ್ದೂ ಉಂಟು. ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸಿಕ್ಕಿದ್ದು ದಂಡವಾಯಿತು, ಅವಳು ಹೊರಗೆ ನೋಡಲೇ ಇಲ್ಲ. ಅತ್ತೆಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಹುಳಕ್ಕೆ ಸೊಪ್ಪು ಹಾಕುವಾಗ ಅತ್ತೆ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಹೋಗುತ್ತಾರೆ ಎಂದು ಒಂದು ಗಳಿಗೆ ಸಮಾಧಾನವಾಯಿತು. ಫೋನು ಕೈಯಲ್ಲೇ ಹಿಡಿದು ಅದನ್ನೇ ಓದುತ್ತಾ ಕೂತಿದ್ದರೆ ಎಂದು ಇನ್ನೊಂದು ಗಳಿಗೆ ಜೀವ ಬಾಯಿಗೆ ಬಂತು. ಅತ್ತೆ ಏಳನೇ ಕ್ಲಾಸು ಓದಿದವರು. ನಿಧಾನಕ್ಕೆ ಓದುತ್ತಾರೆ, ಆದರೆ ಓದಿದ್ದನ್ನು ಮರೆಯುವವರಲ್ಲ.

ಆ ಲಿಂಕಿನ ಪಟ್ಟಿಯನ್ನು ಫೋನಿನಲ್ಲೇ ತೆರೆದಳು. ಆ ಹೊತ್ತಿನಲ್ಲಿ ಯಾರ್ಯಾರು ಅದನ್ನು ನೋಡುತ್ತಿದ್ದಾರೆ ಅನ್ನುವುದು ಮೇಲ್ಗಡೆ ಕಾಣುತ್ತದೆ. ಹೆಸರು ಗೊತ್ತಿಲ್ಲದವರಿಗೆ ಅದು ಒಂದೊಂದು ಪ್ರಾಣಿಯ ಚಿತ್ರ ಅಂಟಿಸುತ್ತದೆ. ಒಂದು ಒಂಟೆ ಇತ್ತು, ಒಂದು ಬಾವಲಿ ಇತ್ತು, ಇನ್ನೇನೇನೋ ಬರುತ್ತಿದ್ದವು, ಹೋಗುತ್ತಿದ್ದವು. ಜಯಕುಮಾರರ ‘ಹೊನ್ನೆಳೆ ಕುಟುಂಬ’ವೆಲ್ಲ ಮೃಗಾಲಯವಾಗಿ ಅವಳ ಅಂಗೈಯಲ್ಲಿ ಓಡಾಡುತ್ತಿತ್ತು. ಇದರಲ್ಲಿ ತನ್ನ ಅತ್ತೆ ಯಾವುದು ಎಂದು ಹುಡುಕಬೇಕಾಗಿ ಬಂದ ಸೊಸೆ ಆ ತಾಲ್ಲೂಕಿನಲ್ಲಿ ಇವಳೊಬ್ಬಳೇ ಇರಬೇಕು.

ಚನ್ನಪಟ್ಟಣದಲ್ಲಿ ಇಳಿದು ಊರಿನ ಬಸ್ಸಿಗೆ ಕಾಯುವಾಗ ಮಿಕ್ಕ ಪ್ರಾಣಿಗಳೆಲ್ಲ ಖಾಲಿಯಾಗಿದ್ದವು. ಒಂದು ಆಮೆ ಮಾತ್ರ ಉಳಿದಿತ್ತು. ಅದು ಹೋಗುತ್ತಲೇ ಇರಲಿಲ್ಲ. ಯಾರಿರಬಹುದು? ಗುಂಪಿನವರು ಯಾರಾದರೂ ತೆರೆದಿಟ್ಟು ಮರೆತರೋ? ಇಲ್ಲ, ನಿಧಾನಕ್ಕೆ ಒಂದೊಂದೇ ಸಾಲು ಓದುತ್ತಿರುವವರೋ? ಬಸ್ಸು ಬರುವ ಸುಳಿವಿರಲಿಲ್ಲ. ನಿಂತಳು, ಕೂತಳು, ಮತ್ತೆ ನಿಂತಳು. ಕೊನೆಗೆ ತಡೆಯಲಾರದೆ ಕೆಂಪು ಚೌಕದ ಮೇಲೆ ಬೆರಳಿಟ್ಟು ಇಡೀ ಷರಾ ಅಳಿಸಿಬಿಟ್ಟಳು, ಬಣ್ಣವನ್ನೂ ತೆಗೆದಳು. ಚೌಕ ಬೆಳ್ಳಗಾಯಿತು. ಆಮೆ ಇನ್ನೂ ಒಂದಿಷ್ಟು ಹೊತ್ತು ಅಲ್ಲೇ ಇತ್ತು, ಆಮೇಲೆ ಹೋಯಿತು.

ಉಸಿರು ಬಿಡುವಷ್ಟರಲ್ಲಿ ಪದ್ಮಶ್ರೀ ಮೇಡಂ ಫೋನು. “ಅಮೂಲ್ಯ, ಆ ಬೋರಮ್ಮನ ಷರಾ ಎಲ್ಲಿ ಹೋಯ್ತು? ನಮ್ಮ ಮ್ಯಾನೇಜರ್‌ಗೆ ಅದನ್ನೇ ತೋರಿಸೋಣ ಅಂತಿದ್ದೆ. ಕನಕಪುರದಲ್ಲಿ ಪ್ರತಿಮಾ ಅಂತ ಒಬ್ಬ ಹುಡುಗಿ ಇದಾಳಂತಲ್ಲ, ಚೆನ್ನಾಗಿ ಮಾತಾಡ್ತಾಳಂತೆ. ಮುಂದಿನ ವಿಡಿಯೊದಿಂದ ಅವಳನ್ನೇ ಹಾಕೋಣ. ಆ ಷರಾ ವಾಪಸ್ ಹಾಕಿ, ಇವತ್ತೇ ತೀರ್ಮಾನ ಮಾಡಿಬಿಡ್ತೀವಿ.”

“ಬಸ್ಸಲ್ಲಿದೀನಿ ಮೇಡಂ. ಒಂದು ಗಂಟೆ ಟೈಮ್ ಕೊಡಿ,” ಅಂದಳು. ಬಸ್ಸು ಇನ್ನೂ ಬಂದೇ ಇರಲಿಲ್ಲ.

ಊರಿನ ಬಸ್ಸಿನಲ್ಲಿ ಅವಳಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು. ಷರಾ ಹಾಕಿದರೆ ಅತ್ತೆಯನ್ನು ತೆಗೆಯುತ್ತಾರೆ. ಹಾಕದಿದ್ದರೆ ತನ್ನ ಮಾತಿಗೆ ಬೆಲೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಎಣ್ಣೆ ಹಚ್ಚಿದ ತಲೆ, ಆ ಸೀರೆ, ಕ್ಯಾಮೆರಾ ಹೋದ ಮೇಲೂ ಇಡೀ ಸಂಜೆ ಇರುತ್ತಿದ್ದ ಆ ಮುಖದ ಕಳೆ ನೆನಪಾದವು. ವಯಸ್ಸಾದವರು ಅಂತ ಬರೆಯದಿದ್ದರೆ ಆಗುತ್ತಿರಲಿಲ್ಲವೇ ಎಂದು ಇಡೀ ದಾರಿ ತನ್ನನ್ನು ತಾನೇ ಬೈದುಕೊಂಡಳು.

ಮನೆ ಸೇರಿದಾಗ ಬಿಸಿಲು ಇನ್ನೂ ಜಗಲಿಯ ಮೇಲಿತ್ತು. ಬೋರಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಫೋನು ಮಡಿಲಲ್ಲಿತ್ತು.

“ಏನವ್ವ, ಇಷ್ಟ್ ಬೇಗ್ನೆ ಬಂದ್ಬುಟ್ಟೆ?”

“ಸುಮ್ನೆ ಬಂದೆ ಅತ್ತೆ. ತಲೆನೋವು.”

“ಫೋನ್ ಮಾಡಿದ್ದೆ ಅಂತ ಕಾಣ್ತದೆ. ಓದ್ತಾ ಇದ್ದೆ, ಎತ್ನಿಲ್ಲ.”

ಅಮೂಲ್ಯ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಕಂಪ್ಯೂಟರ್ರೇ ಬರೆದುಕೊಂಡಿತು ಅನ್ನುವ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ಒಣಗಿತು. ಬೋರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ನಿಧಾನಕ್ಕೆ ಓದ್ತಿದ್ದೆ ಕಣ್ಮಗ. ಮುಕ್ಕಾಲು ಪಾಲು ಜನ ಹೊಂಟೋಯ್ತಾರೆ ಅಂತ ಇತ್ತು. ಆಗ್ಲಿ ಅಂದ್ಕಂಡೆ. ವಯಸ್ಸಾದೋರು ಅಂತ ಇತ್ತು. ಆಗೀವ್ನಿ, ಅದು ಸುಳ್ಳೇನಲ್ಲ. ಮುಂದ್ಲ ಸಾಲು ಓದನ ಅಂತ ಕಣ್ಣು ಹಾಕ್ದೆ. ನಾನು ನೋಡ್ತಾ ಇದ್ದಂಗೇ ಎಲ್ಲ ಅಳಿಸ್ಕಂಡು ಹೊಂಟೋಯ್ತು. ನನ್ ಕಣ್ಣೇ ಮಂಜಾಯ್ತೇನೋ ಅಂತ ಒರೆಸ್ಕಂಡು ನೋಡ್ದೆ.” ಫೋನನ್ನು ಅವಳತ್ತ ತಿರುಗಿಸಿ ಕೇಳಿದರು. “ನೀನೇ ಅಳ್ಸಿದ್ದಾ?”

“ಹೂಂ ಅತ್ತೆ.”

“ಬರ್ದಿದ್ದೂ ನೀನೇ.”

“ಹೂಂ.”

“ಬರ್ದಿದ್ದು ನಂಗೇನೂ ಬ್ಯಾಸರ ಇಲ್ಲ. ಕೆಲ್ಸ ಅಂದ್ಮೇಲೆ ಬರೀಬೇಕು. ನಾನು ಓದ್ತಿರುವಾಗ ಎದ್ರುಗಿದ್ದಂಗೇ ಕಿತ್ಕಂಡ್ಯಲ್ಲ, ಅದು ಸಂಕ್ಟ ಆಯ್ತು. ಉಣ್ತಾ ಕೂತೋರ ಮುಂದ್ಲ ಎಲೆ ಎತ್ತಿದಂಗೆ ಎತ್ಬುಟ್ಟೆ.”

ಅಮೂಲ್ಯಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬ್ಯಾಗು ಇಳಿಸಿ ಅತ್ತೆಯ ಪಕ್ಕದಲ್ಲಿ ಕೂತಳು. ಫೋನಿನಲ್ಲಿ ಆ ಗೆರೆ ತೆಗೆದು ತೋರಿಸಿದಳು. ಇಲ್ಲಿ ಶುರುವಾಗುತ್ತದೆ, ಇಷ್ಟು ಜನ ಇರುತ್ತಾರೆ, ಇಲ್ಲಿಗೆ ಬರುತ್ತಲೂ ಬೀಳುತ್ತದೆ, ಎಲ್ಲ ವಿಡಿಯೊದಲ್ಲೂ ಹೀಗೇ ಎಂದು ಹೇಳುತ್ತಾ ಹೋದಳು. ಬೋರಮ್ಮ ಗೆರೆ ಬಿದ್ದ ಜಾಗದ ಮೇಲೆ ಬೆರಳಿಟ್ಟರು. ಹುಳದ ತಟ್ಟೆ ನೋಡುವಾಗ ಬಾಗುವಂತೆಯೇ ಬಾಗಿ ನೋಡಿದರು.

“ಇಲ್ಲಿ ನಾನು ಏನ್ ಹೇಳ್ತಾ ಇರ್ತೀನಿ?”

ಅಮೂಲ್ಯ ಗೆರೆಯನ್ನೇ ಇನ್ನಷ್ಟು ದೊಡ್ಡದು ಮಾಡಿದಳು.

“ಜನ ಎಲ್ಲಿಗ್ ಬುಟ್ರು ಅಂತ ಗೆರೆ ಹಾಕಿದ್ದೀಯ. ನೀನ್ ಎಲ್ಲಿಗ್ ಬುಟ್ಟೆ?”

ಸುಳ್ಳು ಹೇಳುವುದು ಸುಲಭವಿತ್ತು. ಹೇಳಲಾಗಲಿಲ್ಲ. “ನಾನು ನೋಡೇ ಇಲ್ಲ ಅತ್ತೆ,” ಅಂದಳು. “ಒಂದೂ ನೋಡಿಲ್ಲ. ಗೆರೆ ನೋಡಿದ್ರೆ ಸಾಕಾಗ್ತಿತ್ತು. ನಿಮ್ಮ ಮಾತು ಮನೇಲಿ ದಿನಾ ಕೇಳ್ತೀನಲ್ಲ ಅಂತ…” ಊರಿನವರೆಲ್ಲ ಅತ್ತೆಯನ್ನು ಎಷ್ಟು ಹೊತ್ತು ನೋಡಿದರು ಎಂದು ತಿಂಗಳುಗಟ್ಟಲೆ ಎಣಿಸಿದವಳಿಗೆ, ತಾನೊಂದು ಸಲ ನೋಡಬೇಕೆಂದು ಹೊಳೆದೇ ಇರಲಿಲ್ಲ.

ಬೋರಮ್ಮ ಇನ್ನೊಂದಿಷ್ಟು ಹತ್ತಿರ ಸರಿದು ಕೂತರು. “ಹಾಕು, ನೋಡನ. ಮೊನ್ನೆ ಪುನೀತಪ್ಪ ತಗಂಡಿದ್ದು,” ಅಂದರು.

ಹಾಕಿದಳು. ಅಂಗಳದಲ್ಲಿ ನಿಂತ ಬೋರಮ್ಮ ಹುಳದ ಮೂರನೇ ಜ್ವರದ ಬಗ್ಗೆ ಹೇಳುತ್ತಿದ್ದರು. ಹುಳ ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ತಲೆಯೆತ್ತಿ ನಿಲ್ಲುವುದಕ್ಕೆ ಇಲ್ಲಿಯವರು ಜ್ವರ ಅನ್ನುತ್ತಾರೆ. ಮಾತು ಚೆನ್ನಾಗಿತ್ತು, ನಗೆ ಬರುವಂತಿತ್ತು. ಒಂದೆರಡು ನಿಮಿಷ ಆಯಿತು. “ಬನ್ನಿ, ಒಳ್ಗೆ ಹೆಂಗೈತೆ ಅಂತ ಹೇಳ್ತೀನಿ,” ಎಂದು ವಿಡಿಯೊದ ಬೋರಮ್ಮ ಚಪ್ಪಲಿ ಬಿಟ್ಟರು, ಕಾಲು ತೊಳೆದರು, ಹುಳದ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಷ್ಟೇ. ಮುಂದೆ ಬರೀ ಬಾಗಿಲು. ಹಸಿರು ಬಣ್ಣದ ಬಾಗಿಲು, ಹೊರಗೆ ಒಂದು ಜೊತೆ ಚಪ್ಪಲಿ. ಒಳಗಿನಿಂದ ಬೋರಮ್ಮನ ದನಿ ಮಾತ್ರ ಬರುತ್ತಿತ್ತು, ಯಾವ ತಟ್ಟೆಯಲ್ಲಿ ಏನಾಗಿದೆ, ಗಾಳಿ ಎಷ್ಟು ಬಿಡಬೇಕು, ಸೊಪ್ಪು ಯಾವಾಗ ನಿಲ್ಲಿಸಬೇಕು ಎಂದು. ಹುಳ ಜ್ವರದಲ್ಲಿರುವಾಗ ಹೊರಗಿನವರನ್ನು ಒಳಗೆ ಬಿಡುವ ಪದ್ಧತಿ ಇಲ್ಲ. ಅದರಲ್ಲೂ ಪುನೀತ್ ಊರೂರಿನ ಹುಳದ ಮನೆ ಸುತ್ತಿ ಬರುವವನು, ಅವನನ್ನು ಯಾವ ವಿಡಿಯೊಗೂ ಒಳಗೆ ಬಿಟ್ಟವರಲ್ಲ. ಒಂದು ಮನೆಯ ರೋಗ ಇನ್ನೊಂದು ಮನೆಗೆ ಕಾಲಲ್ಲಿ ಬಂದುಬಿಟ್ಟರೆ ಬೆಳೆಯೇ ಹೋಯಿತು. ಅವನೂ ಪಾಪ, ಅವರ ಮಾತು ಕತ್ತರಿಸುವ ಧೈರ್ಯ ಸಾಲದೆ ಬಾಗಿಲನ್ನೇ ಕೊನೆವರೆಗೂ ಹಿಡಿದಿದ್ದ. ಇದೇ ಮನೆಯಲ್ಲಿ ಇದ್ದುಕೊಂಡು, ಬಸ್ಸಿನಿಂದ ಬಂದ ಬಟ್ಟೆಯಲ್ಲಿ ಆ ಬಾಗಿಲು ದಾಟದ ಸೊಸೆಗೆ ಅದು ಹೊಳೆಯಬೇಕಿತ್ತು.

ಅಮೂಲ್ಯ ನೋಡಿದಳು. ಬಾಗಿಲು. ಇನ್ನೂ ಬಾಗಿಲು. ಕಾಲು ತಂತಾನೇ ಕುಣಿಯತೊಡಗಿತು. ಅವಳಿಗೇ ತಿಳಿಯದಂತೆ ಹೆಬ್ಬೆರಳು ಪರದೆ ಮುಟ್ಟಿ ವಿಡಿಯೊವನ್ನು ಮುಂದಕ್ಕೆ ಎಳೆಯಿತು.

“ನೀನೂ ಬುಟ್ಯಲ್ಲ!” ಎಂದು ಬೋರಮ್ಮ ಜೋರಾಗಿ ನಕ್ಕರು. ಅವಳ ಕೈಯನ್ನು ಹಿಡಿದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. “ಹಿಂದಕ್ಕೆ ಹಾಕು. ನನ್ ಮಖಕ್ಕಲ್ಲ ಕಣ್ಮಗ, ಬಾಗ್ಲುಗೆ ಹೊಂಟೋಗವ್ರೆ ಜನ.”

“ಪುನೀತ್ ಸ್ನಾನ ಮಾಡಿ, ಬಟ್ಟೆ ಬದ್ಲಾಯಿಸಿ ಬಂದ್ರೆ ಒಳಗೆ ಬಿಡ್ತೀರಾ ಅತ್ತೆ? ಒಂದೇ ಒಂದ್ಸಲ?”

“ಜ್ವರ ಕಳೀಲಿ, ಆಮ್ಯಾಕೆ ನೋಡನ. ಜ್ವರದಾಗೆ ಬುಡಾಕಿಲ್ಲ. ಅದ್ಕೆ ಅವ್ರು ನನ್ನ ತೆಗೆದ್ರೆ ತೆಗೀಲಿ. ಜನ ಇವತ್ತು ಹೋದ್ರೆ ನಾಳೆ ಬತ್ತಾರೆ. ನಾನ್ ಕ್ಯಾಮೆರಾಕೆ ಅಂತ ಹುಳ ಕೊಲ್ಲಕಾಯ್ತದಾ?”

ದನಿಯಲ್ಲಿ ಅಳುಕಿರಲಿಲ್ಲ. ಆದರೂ ಸೊಸೆಯ ಕೈ ಹಿಡಿದ ಹಿಡಿತ ಬಿಗಿಯಾಯಿತು. ಈ ಕೆಲಸ ತಪ್ಪಿ ಹೋಗುವುದು ಅವರಿಗೆ ಸಣ್ಣ ಮಾತಾಗಿರಲಿಲ್ಲ. ಅಮೂಲ್ಯ ಕೈ ಬಿಡಿಸಿಕೊಳ್ಳದೆ ವಿಡಿಯೊ ಹಿಂದಕ್ಕೆ ಹಾಕಿದಳು. ಇಬ್ಬರೂ ಬಾಗಿಲನ್ನು ನೋಡುತ್ತಾ ಕೂತರು, ಒಳಗಿನ ಮಾತು ಪೂರ್ತಿ ಕೇಳಿದರು. ಅಂತೂ ಬಾಗಿಲು ತೆರೆಯಿತು. ವಿಡಿಯೊದ ಬೋರಮ್ಮ ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು ಕ್ಯಾಮೆರಾಕ್ಕೆ ಇನ್ನೂ ಸ್ವಲ್ಪ ಹತ್ತಿರ ನಿಂತರು.

“ಕಡೇಗಂಟ ನೋಡ್ರಪ್ಪ, ಅರ್ಧಕ್ಕೇ ಬುಟ್ಟು ಹೋಗ್ಬ್ಯಾಡಿ. ಯಾರ್ ಎಷ್ಟ್ ಹೊತ್ತು ನೋಡಿದ್ರು ಅಂತ ಲೆಕ್ಕ ಬರ್ಯೋಳು ನನ್ ಸೊಸೆ. ರಾಮನಗರದಾಗೆ ಆಫೀಸ್ನಾಗವ್ಳೆ. ನೀವು ಪೂರ್ತಿ ನೋಡಿದ್ರೆ ಮಗಿಗೆ ಒಳ್ಳೆ ಹೆಸ್ರು ಬತ್ತದೆ.”

ವಿಡಿಯೊ ಮುಗಿಯಿತು. ಪೂರ್ತಿ ನೋಡಿರೆಂದು ಪೂರ್ತಿ ನೋಡಿದವರಿಗೆ ಹೇಳಿದ್ದರು ಬೋರಮ್ಮ. ಮಿಕ್ಕವರೆಲ್ಲ ಬಾಗಿಲ ಹತ್ತಿರವೇ ಎದ್ದು ಹೋಗಿದ್ದರು.

ಅಮೂಲ್ಯಳ ಕಣ್ಣು ತುಂಬಿ ಪರದೆ ಕಾಣದಾಯಿತು. “ಇದನ್ನ ಈ ಸಲ ಹೇಳಿದ್ದಾ ಅತ್ತೆ?”

“ಈ ಸಲ ಏನು, ಎಲ್ಲದ್ರಲ್ಲೂ ಹೇಳಿವ್ನಿ. ಕಡೇಲಿ ಹೇಳೋದು. ಪುನೀತಪ್ಪ ಬ್ಯಾಡ ಅಂತಿದ್ದ, ನಾನೇ ಇರ್ಲಿ ಅಂದೆ. ನಿಂಗೆ ಕೇಳಿಸಿರ್ತದೆ ಅಂದ್ಕಂಡಿದ್ದೆ.”

ಆಗಲೇ ಪದ್ಮಶ್ರೀ ಮೇಡಂ ಫೋನು ಬಂತು. ಅಮೂಲ್ಯ ಎಡಗೈಯಲ್ಲಿ ಎತ್ತಿದಳು, ಬಲಗೈ ಅತ್ತೆಯ ಮಡಿಲಲ್ಲಿತ್ತು.

“ಮೇಡಂ, ಆ ಷರಾ ತಪ್ಪು. ವಿಡಿಯೊ ನೋಡದೆ ಬರೆದಿದ್ದೆ. ಒಂದನ್ನೂ ನೋಡಿರಲಿಲ್ಲ. ಈಗ ಕೂತು ನೋಡ್ತಿದೀನಿ. ಎಲ್ಲಾ ನೋಡಿದ ಮೇಲೆ ಹೊಸದಾಗಿ ಬರೀತೀನಿ, ಅಲ್ಲೀತನಕ ಏನೂ ತೀರ್ಮಾನ ಮಾಡಬೇಡಿ.”

ಆ ಕಡೆಯಿಂದ ಏನೋ ಬಿರುಸಾಗಿ ಕೇಳಿಬಂತು. ಅಮೂಲ್ಯ ಅದನ್ನೂ ಕೇಳಿಸಿಕೊಂಡಳು, ಫೋನಿಟ್ಟಳು. ಹಿಂದಿನ ತಿಂಗಳ ವಿಡಿಯೊ ಹುಡುಕಿ ಮೊದಲಿಂದ ಹಾಕಿದಳು.